ಹಗಲು ಬಂದೆರಗುವ ನಿದ್ರೆ: ಅದು ಸೋಮಾರಿತನವಲ್ಲ, ಒಂದು ರೋಗ



ಕೆಲವು ರೋಗಗಳಿಗೆ ನಮ್ಮ ಸಮಾಜದಲ್ಲಿ ಅನುಕಂಪ ದೊರೆಯುತ್ತದೆ, ಕೆಲವಕ್ಕೆ ಬೈಗುಳ ದೊರೆಯುತ್ತದೆ. ಜ್ವರ ಬಂದವನ ಹಣೆ ಮುಟ್ಟಿ ನೋಡುತ್ತೇವೆ. ಕಾಲು ಮುರಿದವನಿಗೆ ಹೆಗಲು ಕೊಡುತ್ತೇವೆ. ಆದರೆ ನಡುಹಗಲಿನಲ್ಲಿ, ನಾಲ್ವರ ಎದುರು, ಮಾತಿನ ಮಧ್ಯದಲ್ಲಿಯೇ ನಿದ್ರೆಗೆ ಜಾರುವವನನ್ನು ಕಂಡಾಗ ನಮ್ಮ ನಾಲಿಗೆಗೆ ಮೊದಲು ಬರುವ ಮಾತು ‘ಮೈಗಳ್ಳ’ ಎಂಬುದು. ಅವನು ಎಚ್ಚರಗೊಂಡಾಗ ಸುತ್ತಲಿನವರು ನಗುತ್ತಿರುತ್ತಾರೆ. ಅವನೂ ನಕ್ಕಂತೆ ಮಾಡುತ್ತಾನೆ. ಒಳಗೆ ಏನಾಯಿತೆಂದು ಯಾರೂ ಕೇಳುವುದಿಲ್ಲ.

ಇಂತಹ ಎಲ್ಲರೂ ರೋಗಿಗಳೆಂದು ನಾನು ಹೇಳುವುದಿಲ್ಲ. ಆದರೆ ಇವರಲ್ಲಿ ಕೆಲವರಿಗೆ ‘ನಾರ್ಕೋಲೆಪ್ಸಿ’ ಎಂಬ ನರಸಂಬಂಧಿ ಕಾಯಿಲೆ ಇರುತ್ತದೆ. ಪಾಶ್ಚಾತ್ಯ ದೇಶಗಳ ಅಂದಾಜಿನಂತೆ ಪ್ರತಿ ಒಂದು ಲಕ್ಷ ಜನರಲ್ಲಿ 25ರಿಂದ 50 ಮಂದಿಗೆ ಇದು ಕಾಣಿಸಿಕೊಳ್ಳುತ್ತದೆ. ಆ ಲೆಕ್ಕವನ್ನೇ ಹಿಡಿದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಲ್ಲಿಯೂ ಹಲವು ಮನೆಗಳಲ್ಲಿ ಈ ರೋಗ ಇರಲೇಬೇಕು. ಇದ್ದರೂ ಅದಕ್ಕೆ ಹೆಸರಿಲ್ಲ. ಹೆಸರಿಲ್ಲದ ರೋಗಕ್ಕೆ ಜನರು ತಮಗೆ ತೋಚಿದ ಹೆಸರಿಡುತ್ತಾರೆ. ಈ ಲೇಖನದ ಉದ್ದೇಶ ಆ ತಪ್ಪು ಹೆಸರುಗಳನ್ನು ತೆಗೆದು ಸರಿಯಾದ ಹೆಸರನ್ನು ತಿಳಿಸುವುದು.

ರೋಗದ ಸ್ವರೂಪ

ಇದು ಸಾಮಾನ್ಯವಾಗಿ ಹತ್ತರಿಂದ ಮೂವತ್ತು ವರ್ಷಗಳ ನಡುವಿನ ವಯಸ್ಸಿನಲ್ಲಿ ಆರಂಭವಾಗುತ್ತದೆ. ಮೊದಲನೆಯ ಲಕ್ಷಣ ತಡೆಯಲಾಗದ ಹಗಲುನಿದ್ರೆ. ರಾತ್ರಿ ಏಳೆಂಟು ತಾಸು ಮಲಗಿದ್ದರೂ ಬೆಳಿಗ್ಗೆ ಹತ್ತು ಗಂಟೆಗೆ ರೆಪ್ಪೆಗಳು ಭಾರವಾಗುತ್ತವೆ. ಎರಡು ಮೂರು ದಿನ ಕಣ್ಣು ಮುಚ್ಚದೆ ಇದ್ದವನಿಗೆ ಬರುವಂತಹ ನಿದ್ರೆ ಈ ರೋಗಿಗೆ ಪ್ರತಿದಿನ ಬರುತ್ತದೆ. ಹತ್ತಿಪ್ಪತ್ತು ನಿಮಿಷ ಮಲಗಿ ಎದ್ದರೆ ಮನಸ್ಸು ಹಗುರವಾಗುತ್ತದೆ. ಕೆಲವು ತಾಸುಗಳ ನಂತರ ಮತ್ತೆ ಅದೇ ಸ್ಥಿತಿ. ಕೆಲವೊಮ್ಮೆ ಅರೆನಿದ್ರೆಯಲ್ಲಿಯೇ ಕೈ ಕೆಲಸ ಮುಂದುವರಿಸುತ್ತದೆ. ವಿದ್ಯಾರ್ಥಿಯ ನೋಟ್‌ಬುಕ್ ತೆರೆದು ನೋಡಿದರೆ ಇದು ಕಾಣುತ್ತದೆ: ಸಾಲು ನೇರವಾಗಿ ಆರಂಭವಾಗಿ, ಮಧ್ಯದಲ್ಲಿ ಅಕ್ಷರಗಳು ಕೆಳಗೆ ಜಾರಿ, ಕೊನೆಗೆ ಅರ್ಥವಿಲ್ಲದ ಗೀರುಗಳಾಗಿರುತ್ತವೆ. ಶಿಕ್ಷಕರು ಇಂತಹ ಪುಟವನ್ನು ಕಂಡಾಗ ಕಿವಿ ಹಿಂಡುವ ಮೊದಲು ಒಂದು ಕ್ಷಣ ಯೋಚಿಸಬೇಕು.

ಎರಡನೆಯ ಲಕ್ಷಣ ಬಲು ವಿಚಿತ್ರವಾದುದು. ಮನಸಾರೆ ನಕ್ಕಾಗ, ಅನಿರೀಕ್ಷಿತವಾಗಿ ಸಂತೋಷವಾದಾಗ ಅಥವಾ ಸಿಟ್ಟು ಬಂದಾಗ ಮಾಂಸಖಂಡಗಳ ಬಲವೆಲ್ಲ ಒಮ್ಮೆಲೇ ಇಳಿದುಹೋಗುತ್ತದೆ. ದವಡೆ ಜೋಲುತ್ತದೆ, ತಲೆ ಬಾಗುತ್ತದೆ, ಮೊಣಕಾಲು ಕುಸಿಯುತ್ತದೆ. ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷದೊಳಗೆ ಎಲ್ಲವೂ ಸರಿಹೋಗುತ್ತದೆ. ಇದನ್ನು ‘ಕ್ಯಾಟಪ್ಲೆಕ್ಸಿ’ ಎನ್ನುತ್ತಾರೆ. ಇದು ಮೂರ್ಛೆರೋಗವಲ್ಲ. ಮೂರ್ಛೆಯಲ್ಲಿ ಪ್ರಜ್ಞೆ ತಪ್ಪುತ್ತದೆ. ಇಲ್ಲಿ ಬಿದ್ದವನಿಗೆ ಸುತ್ತಲಿನ ಮಾತೆಲ್ಲ ಕೇಳಿಸುತ್ತಿರುತ್ತದೆ, ಉತ್ತರಿಸಲು ಮಾತ್ರ ಆಗುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಜನ ಅಪಸ್ಮಾರದ ಮಾತ್ರೆಗಳನ್ನು ವರ್ಷಾನುಗಟ್ಟಲೆ ನುಂಗುತ್ತಾರೆ.

ಮೂರನೆಯದು ನಿದ್ರಾಸ್ತಂಭನ. ನಿದ್ರೆಗೆ ಜಾರುವಾಗ ಅಥವಾ ಎಚ್ಚರವಾಗುವಾಗ ಕಣ್ಣು ತೆರೆದಿರುತ್ತದೆ, ಮೈ ಮಾತ್ರ ಅಲುಗುವುದಿಲ್ಲ. ಅದೇ ಹೊತ್ತಿಗೆ ಯಾರೋ ಕೋಣೆಯಲ್ಲಿ ನಿಂತಂತೆ, ಎದೆಯ ಮೇಲೆ ಕುಳಿತಂತೆ ಕಾಣುತ್ತದೆ. ಇದು ಎಚ್ಚರದೊಳಗೆ ನುಸುಳಿದ ಕನಸು. ಆರೋಗ್ಯವಂತರಿಗೂ ಅಪರೂಪಕ್ಕೆ ಇದರ ಅನುಭವವಾಗುವುದುಂಟು. ಈ ರೋಗಿಗಳಿಗೆ ಅದು ಪದೇ ಪದೇ ಆಗುತ್ತದೆ. ಇವುಗಳ ಜೊತೆಗೆ ರಾತ್ರಿಯ ನಿದ್ರೆಯೂ ಹಲವು ಬಾರಿ ತುಂಡಾಗುತ್ತದೆ. ಎಲ್ಲರಲ್ಲಿಯೂ ಎಲ್ಲ ಲಕ್ಷಣಗಳು ಇರಬೇಕೆಂದಿಲ್ಲ. ಮಕ್ಕಳಲ್ಲಿ ತೂಕಡಿಕೆಯ ಬದಲು ಹಟ, ಸಿಡುಕು, ಚಂಚಲತೆ, ಅಕಸ್ಮಾತ್ತಾಗಿ ಮೈತೂಕ ಏರುವುದು ಮೊದಲು ಕಾಣಿಸಬಹುದು.

ಮೂಲ ಎಲ್ಲಿದೆ?

ಈ ರೋಗಕ್ಕೆ 1880ರಲ್ಲಿ ಹೆಸರಿಟ್ಟವನು ಫ್ರಾನ್ಸ್ ದೇಶದ ವೈದ್ಯ ಜೆಲಿನೋ. ನಗುವಾಗ ಕುಸಿಯುತ್ತಿದ್ದ, ದಿನವಿಡೀ ಪದೇ ಪದೇ ನಿದ್ರೆಗೆ ಜಾರುತ್ತಿದ್ದ ಒಬ್ಬ ವ್ಯಾಪಾರಿಯನ್ನು ಪರೀಕ್ಷಿಸಿ ಆತ ಇದನ್ನು ವರ್ಣಿಸಿದನು. ಆದರೆ ಕಾರಣ ತಿಳಿಯಲು ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು. 1998ರಲ್ಲಿ ವಿಜ್ಞಾನಿಗಳು ಮೆದುಳಿನ ಹೈಪೋಥಲಾಮಸ್ ಭಾಗದಲ್ಲಿ ಉತ್ಪತ್ತಿಯಾಗುವ ಒಂದು ದ್ರವ್ಯವನ್ನು ಕಂಡುಹಿಡಿದರು. ಅದರ ಹೆಸರು ಒರೆಕ್ಸಿನ್. ಹೈಪೋಕ್ರೆಟಿನ್ ಎಂದೂ ಕರೆಯುತ್ತಾರೆ. ನಮ್ಮನ್ನು ಎಚ್ಚರವಾಗಿ ಹಿಡಿದಿಡುವ ಕಾವಲುಗಾರ ಅದು. ಕ್ಯಾಟಪ್ಲೆಕ್ಸಿ ಇರುವ ರೋಗಿಗಳಲ್ಲಿ ಈ ದ್ರವ್ಯವನ್ನು ತಯಾರಿಸುವ ನರಕೋಶಗಳು ಬಹುಪಾಲು ನಾಶವಾಗಿರುವುದು 2000ದಲ್ಲಿ ತಿಳಿದುಬಂತು. ದೇಹದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ ಆ ಕೋಶಗಳನ್ನು ನಾಶಮಾಡುತ್ತದೆ ಎಂಬುದು ಇಂದಿನ ಬಲವಾದ ಅಭಿಪ್ರಾಯ.

ಕಾಲುವೆಯ ತೂಬಿನ ಬಾಗಿಲು ಮುರಿದ ಗದ್ದೆಯನ್ನು ನೆನೆಯಿರಿ. ಬೇಕಾದಾಗ ನೀರು ನಿಲ್ಲುವುದಿಲ್ಲ, ಬೇಡವಾದಾಗ ನುಗ್ಗುತ್ತದೆ. ರೈತನನ್ನು ಬೈದರೆ ಬಾಗಿಲು ಸರಿಯಾಗುತ್ತದೆಯೇ? ಒರೆಕ್ಸಿನ್ ಇಲ್ಲದ ಮೆದುಳಿನಲ್ಲಿ ನಿದ್ರೆ ಮತ್ತು ಎಚ್ಚರಗಳ ನಡುವಿನ ಬಾಗಿಲೂ ಹಾಗೆಯೇ. ಮನೋಬಲ, ಹಟ, ಸಂಕಲ್ಪ ಯಾವುದೂ ಅದನ್ನು ಮುಚ್ಚಲಾರದು.

ಮನಸ್ಸಿಗೆ ಆಗುವ ಗಾಯ

ರೋಗದ ಆರಂಭದಿಂದ ನಿಖರವಾದ ನಿದಾನದವರೆಗೆ ಹಲವು ವರ್ಷಗಳು, ಕೆಲವರಿಗೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆಯುತ್ತದೆ. ಇದು ಮುಂದುವರಿದ ದೇಶಗಳಲ್ಲಿಯೂ ಇರುವ ಸ್ಥಿತಿ. ಆ ವರ್ಷಗಳಲ್ಲಿ ರೋಗಿಯ ಕಿವಿಗೆ ಬೀಳುವ ಮಾತುಗಳೇ ಅವನಿಗೆ ತನ್ನ ಬಗೆಗಿನ ಸತ್ಯವಾಗಿಬಿಡುತ್ತವೆ. ಹದಿನೈದನೆಯ ವಯಸ್ಸಿನಿಂದ ‘ನೀನು ಸೋಮಾರಿ, ನಿನಗೆ ಜವಾಬ್ದಾರಿ ಇಲ್ಲ’ ಎಂದು ಕೇಳುತ್ತಾ ಬೆಳೆದವನು ಇಪ್ಪತ್ತೈದಕ್ಕೆ ಬರುವಷ್ಟರಲ್ಲಿ ಅದನ್ನು ತಾನೂ ನಂಬಿರುತ್ತಾನೆ. ಇವರಲ್ಲಿ ಖಿನ್ನತೆ ಮತ್ತು ಆತಂಕ ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತವೆ. ಅದಕ್ಕೆ ರೋಗವೂ ಕಾರಣ, ಸುತ್ತಲಿನವರ ಮಾತೂ ಕಾರಣ.

ನಮ್ಮ ಭಾಗದಲ್ಲಿ ಈ ನೋವಿಗೆ ಇನ್ನೊಂದು ಆಯಾಮವಿದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಹೆಸರಿನೊಂದಿಗೆ ಕೂಡಿಕೊಂಡಿರುವ ಅಮರೇಶ್ವರ ಇರುವುದು ನಮ್ಮ ಲಿಂಗಸುಗೂರು ತಾಲ್ಲೂಕಿನಲ್ಲಿಯೇ. ಕಾಯಕವನ್ನು ಜೀವನದ ಅಳತೆಗೋಲಾಗಿ ಇಟ್ಟುಕೊಂಡ ಪರಂಪರೆ ನಮ್ಮದು. ಅಂತಹ ಮನೆಯಲ್ಲಿ ಹುಟ್ಟಿ, ದುಡಿಯಬೇಕೆಂಬ ಮನಸ್ಸಿದ್ದೂ ದೇಹ ಒಪ್ಪದಿದ್ದಾಗ ಆಗುವ ಅಪರಾಧಭಾವ ಬಹಳ ಆಳವಾದುದು. ಇಂತಹ ಒಬ್ಬ ಯುವಕ ನನ್ನ ಬಳಿ ಹೇಳಿದ ಮಾತು ಇದು: “ಡಾಕ್ಟ್ರೇ, ನಮ್ಮಪ್ಪ ಎಪ್ಪತ್ತು ವರ್ಷದಾಗ ಹೊಲದಾಗ ನಿಂತಿರ್ತಾನ, ನಾನು ಬದುವಿನ ಮ್ಯಾಲೆ ಮಲಗಿರ್ತೀನಿ. ನನಗ ಬೈದ್ರೂ ನಡೀತಿತ್ತು. ಆಂವ ಈಗ ಬೈಯೋದನ್ನೂ ಬಿಟ್ಟಾನ.” ಬೈಗುಳಕ್ಕಿಂತಲೂ ತಂದೆಯ ಆ ಮೌನ ಅವನನ್ನು ಹೆಚ್ಚು ನೋಯಿಸಿತ್ತು.

ಕ್ಯಾಟಪ್ಲೆಕ್ಸಿ ಇರುವವರ ದುಃಖ ಇನ್ನೂ ಸೂಕ್ಷ್ಮ. ನಕ್ಕರೆ ಬೀಳುತ್ತೇನೆ ಎಂದು ತಿಳಿದವರು ಕ್ರಮೇಣ ನಗುವುದನ್ನೇ ಬಿಡುತ್ತಾರೆ. ಗೆಳೆಯರ ಹರಟೆಗೆ ಹೋಗುವುದಿಲ್ಲ. ಜಾತ್ರೆಯಲ್ಲಿ ನಾಟಕ ನೋಡಲು ಕೂಡುವುದಿಲ್ಲ. ಮೊಮ್ಮಗುವನ್ನು ಎತ್ತಿಕೊಳ್ಳಲು ಅಂಜುತ್ತಾರೆ, ಏಕೆಂದರೆ ಮಗು ನಕ್ಕರೆ ತಮಗೂ ನಗು ಬರುತ್ತದೆ, ಕೈ ಸಡಿಲವಾಗುತ್ತದೆ. ಸಂತೋಷವನ್ನೇ ಅಪಾಯವೆಂದು ಎಣಿಸಿ ಬದುಕುವ ಸ್ಥಿತಿ ಇದು. ಹೊರಗಿನವರಿಗೆ ಇವರು ಬಿಗುಮಾನದವರಂತೆ, ಮುಖ ಗಂಟಿಕ್ಕಿಕೊಂಡವರಂತೆ ಕಾಣುತ್ತಾರೆ.

ನಿದ್ರಾಸ್ತಂಭನದ ಭಯಾನಕ ದೃಶ್ಯಗಳನ್ನಂತೂ ಹೇಳಿಕೊಳ್ಳಲು ಧೈರ್ಯವೇ ಸಾಲದು. ಹೇಳಿದರೆ ‘ಗಾಳಿ ಸೋಕಿದೆ’ ಎನ್ನುತ್ತಾರೆ ಅಥವಾ ‘ತಲೆ ಕೆಟ್ಟಿದೆ’ ಎನ್ನುತ್ತಾರೆ. ಹೆಣ್ಣುಮಕ್ಕಳಿಗಾದರೆ ತಾಯತ, ನಿಂಬೆಹಣ್ಣು, ಬರೆ ಎಳೆಯುವುದು ಎಲ್ಲವೂ ಆಗುತ್ತದೆ. ರೋಗದ ಜೊತೆಗೆ ಸುಟ್ಟ ಗಾಯದ ಗುರುತನ್ನೂ ಹೊತ್ತು ಬದುಕಬೇಕಾಗುತ್ತದೆ. ಭಕ್ತರು ಇಂತಹ ಕೃತ್ಯಗಳಿಗೆ ಎಂದಿಗೂ ಆಸ್ಪದ ಕೊಡಬಾರದು.

ಶಾಲೆ, ದುಡಿಮೆ, ಮದುವೆ

ಈ ರೋಗ ಆರಂಭವಾಗುವ ವಯಸ್ಸೇ ಎಸ್‌ಎಸ್‌ಎಲ್‌ಸಿ, ಪಿಯುಸಿಯ ವಯಸ್ಸು. ಮಗು ಜಾಣನಿದ್ದರೂ ಅಂಕಗಳು ಇಳಿಯುತ್ತವೆ. ಮೊಬೈಲ್ ನೋಡುತ್ತಾನೆಂದು ಮನೆಯವರು ಅನುಮಾನಿಸುತ್ತಾರೆ. ವಸತಿನಿಲಯದಲ್ಲಿ ಬೆಳಗಿನ ಪ್ರಾರ್ಥನೆಗೆ ತೂಕಡಿಸಿದನೆಂದು ಶಿಕ್ಷೆಯಾಗುತ್ತದೆ. ಕೊನೆಗೆ ಓದು ಬಿಡಿಸಿ ಹೊಲಕ್ಕೆ ಅಥವಾ ಅಂಗಡಿಗೆ ಹಚ್ಚುತ್ತಾರೆ. ಬುದ್ಧಿಶಕ್ತಿಗೆ ಈ ರೋಗದಿಂದ ಕುಂದಿಲ್ಲ ಎಂಬುದನ್ನು ತಂದೆತಾಯಿಗಳು ತಿಳಿಯಬೇಕು.

ದುಡಿಮೆಯ ಕ್ಷೇತ್ರದಲ್ಲಿ ಅಪಾಯಗಳು ಸೇರಿಕೊಳ್ಳುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಭತ್ತದ ನಾಡಾಯಿತು. ಟ್ರ್ಯಾಕ್ಟರ್, ಕೊಯ್ಲುಯಂತ್ರ, ರೈಸ್ ಮಿಲ್ಲುಗಳ ಕೆಲಸದಲ್ಲಿ ಒಂದು ಕ್ಷಣದ ಮರೆವೂ ಕೈಕಾಲುಗಳಿಗೆ ಎರವಾಗಬಹುದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿಯ ದುಡಿಮೆ ಇದೆ. ಪಾಳಿ ಬದಲಾದಾಗ ಆರೋಗ್ಯವಂತನಿಗೂ ನಿದ್ರೆ ಏರುಪೇರಾಗುತ್ತದೆ. ಅದು ವಿಶ್ರಾಂತಿಯಿಂದ ಸರಿಹೋಗುವಂಥದು. ನಾರ್ಕೋಲೆಪ್ಸಿ ಇರುವವನಿಗಾದರೋ ರಾತ್ರಿಪಾಳಿ ಎಂದರೆ ರೋಗವನ್ನು ಇಮ್ಮಡಿಗೊಳಿಸಿದಂತೆ. ಸಿಂಧನೂರಿನಿಂದ ಮಸ್ಕಿ ಮಾರ್ಗವಾಗಿ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನ ನಡೆಸುವಾಗ ಕಣ್ಣು ಮುಚ್ಚಿದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ರೋಗ ಹತೋಟಿಗೆ ಬಂದಿದೆ ಎಂದು ವೈದ್ಯರು ಹೇಳುವವರೆಗೆ ವಾಹನ, ಯಂತ್ರ, ಕಾಲುವೆ, ಬಾವಿ ಮತ್ತು ಎತ್ತರದ ಕೆಲಸಗಳಿಂದ ದೂರವಿರಬೇಕು. ಹೆಣ್ಣುಮಕ್ಕಳು ರೊಟ್ಟಿ ಬಡಿಯುವಾಗ, ಎಣ್ಣೆ ಕಾಯಿಸುವಾಗ ಒಲೆಯ ಹತ್ತಿರ ಮತ್ತೊಬ್ಬರಿರಬೇಕು.

ಎಚ್ಚರವಾಗಿರಬೇಕೆಂಬ ಛಲದಿಂದ ಕೆಲವರು ದಿನಕ್ಕೆ ಹತ್ತು ಹದಿನೈದು ಕಪ್ ಚಹಾ ಕುಡಿಯುತ್ತಾರೆ. ಇನ್ನು ಕೆಲವರು ಗುಟ್ಕಾ, ತಂಬಾಕಿನ ಮೊರೆ ಹೋಗುತ್ತಾರೆ. ಊರಿನವರು ಆ ಚಟವನ್ನು ಕಾಣುತ್ತಾರೆ, ಅದರ ಹಿಂದಿರುವ ರೋಗವನ್ನು ಕಾಣುವುದಿಲ್ಲ.

ಮದುವೆಯ ಪ್ರಶ್ನೆ ಅತ್ಯಂತ ಕಠಿಣವಾದುದು. ‘ಹೇಳಿದರೆ ಸಂಬಂಧ ಮುರಿಯುತ್ತದೆ, ಮದುವೆಯಾದ ಮೇಲೆ ಸರಿಹೋಗುತ್ತದೆ’ ಎಂದು ಹಿರಿಯರು ಮುಚ್ಚಿಡುತ್ತಾರೆ. ಮದುವೆಯಿಂದ ಯಾವ ನರರೋಗವೂ ಗುಣವಾಗುವುದಿಲ್ಲ. ಮುಚ್ಚಿಟ್ಟದ್ದು ಬಯಲಾದಾಗ ರೋಗಕ್ಕಿಂತ ವಂಚನೆಯ ಭಾವವೇ ಸಂಸಾರವನ್ನು ಒಡೆಯುತ್ತದೆ. ಹೊಸ ಸೊಸೆ ಮಧ್ಯಾಹ್ನ ಮಲಗಿದರೆ ಅತ್ತೆಯ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ನಾವೆಲ್ಲ ಬಲ್ಲೆವು. ನನ್ನ ಸಲಹೆ ಇಷ್ಟು: ವೈದ್ಯರ ಪತ್ರವನ್ನು ಮುಂದಿಟ್ಟು, ಎರಡೂ ಮನೆಯವರ ಎದುರು ಮೊದಲೇ ತಿಳಿಸಿ. ಈ ರೋಗ ಅಂಟುವಂಥದ್ದಲ್ಲ, ಆಯುಷ್ಯವನ್ನು ತಾನಾಗಿ ಕಡಿಮೆ ಮಾಡುವಂಥದ್ದಲ್ಲ, ರೋಗಿಯ ಮಕ್ಕಳಿಗೆ ಬರುವ ಸಂಭವವೂ ಬಹಳ ಕಡಿಮೆ ಎಂಬುದನ್ನೂ ತಿಳಿಸಿ. ಸತ್ಯ ಕೇಳಿ ಒಪ್ಪಿದ ಸಂಬಂಧವೇ ನಿಲ್ಲುತ್ತದೆ.

ಆಯುರ್ವೇದ ಏನನ್ನುತ್ತದೆ?

ಆಹಾರ, ನಿದ್ರೆ, ಬ್ರಹ್ಮಚರ್ಯ ಇವು ಮೂರು ಶರೀರದ ಉಪಸ್ತಂಭಗಳೆಂದು ಚರಕಾಚಾರ್ಯರು ಹೇಳಿದ್ದಾರೆ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ನಿದ್ರೆಯ ವಿವರವಾದ ಚರ್ಚೆಯಿದೆ. ಅಲ್ಲಿ ನಿದ್ರೆಯ ಪ್ರಕಾರಗಳನ್ನು ಎಣಿಸುವಾಗ ರಾತ್ರಿಯ ಸಹಜ ನಿದ್ರೆಯನ್ನು ಬೇರೆಯಾಗಿಟ್ಟು, ವ್ಯಾಧಿಯನ್ನು ಅನುಸರಿಸಿ ಬರುವ ನಿದ್ರೆಯನ್ನು ಬೇರೆಯಾಗಿ ಹೇಳಲಾಗಿದೆ. ಅಂದರೆ ರೋಗದಿಂದಲೂ ನಿದ್ರೆ ಬರುತ್ತದೆ ಎಂಬ ವಿವೇಕ ನಮ್ಮ ಪೂರ್ವಿಕ ವೈದ್ಯರಿಗಿತ್ತು. ಹಗಲುನಿದ್ರೆ ಕಫವನ್ನು ಹೆಚ್ಚಿಸುತ್ತದೆ ಎಂದು ಎಚ್ಚರಿಸಿದ ಅದೇ ಆಚಾರ್ಯರು, ಬೇಸಿಗೆಯಲ್ಲಿ ಅದನ್ನು ಒಪ್ಪಿದ್ದಾರೆ. ಮಕ್ಕಳಿಗೆ, ವೃದ್ಧರಿಗೆ, ದುರ್ಬಲರಿಗೆ, ದುಡಿದು ದಣಿದವರಿಗೆ, ಶೋಕದಿಂದ ಬಳಲಿದವರಿಗೆ ಯಾವ ಕಾಲದಲ್ಲಿಯೂ ಹಗಲುನಿದ್ರೆಯನ್ನು ಅನುಮತಿಸಿದ್ದಾರೆ. ‘ಹಗಲು ಮಲಗುವುದು ದೋಷ’ ಎಂದು ಶಾಸ್ತ್ರದ ಹೆಸರಿನಲ್ಲಿ ರೋಗಿಯನ್ನು ಬೈಯುವವರು ಆ ಅಧ್ಯಾಯವನ್ನು ಪೂರ್ತಿಯಾಗಿ ಓದಬೇಕು.

ಇನ್ನೊಂದು ಮಾತನ್ನು ಆಯುರ್ವೇದ ವೈದ್ಯನಾಗಿಯೇ ಸ್ಪಷ್ಟವಾಗಿ ಹೇಳುತ್ತೇನೆ. ನಾಶವಾದ ಒರೆಕ್ಸಿನ್ ಕೋಶಗಳನ್ನು ಮರಳಿ ತರುವ ಔಷಧಿ ಇಂದು ಯಾವ ಪದ್ಧತಿಯಲ್ಲಿಯೂ ಇಲ್ಲ. ‘ನಲವತ್ತು ದಿನಗಳಲ್ಲಿ ಬೇರುಸಹಿತ ಗುಣಪಡಿಸುತ್ತೇವೆ’ ಎಂದು ಹಣ ಕೇಳುವವರನ್ನು ನಂಬಬೇಡಿ. ನಮ್ಮ ಶಾಸ್ತ್ರದ ನೆರವು ಬೇರೆಡೆ ಇದೆ: ದಿನಚರಿಯ ಶಿಸ್ತು, ಲಘುವಾದ ಆಹಾರ, ಮಧ್ಯಾಹ್ನ ಹೊಟ್ಟೆ ಬಿರಿಯುವಷ್ಟು ಅನ್ನ ಉಣ್ಣದಿರುವುದು, ಬೆಳಗಿನ ನಡಿಗೆ, ಮನಸ್ಸಿನ ಸಮಾಧಾನಕ್ಕಾಗಿ ಪ್ರಾಣಾಯಾಮ ಮತ್ತು ಲಿಂಗಪೂಜೆಯ ಏಕಾಂತ. ಇವು ಚಿಕಿತ್ಸೆಗೆ ಜೊತೆಯಾಗುತ್ತವೆ, ಬದಲಿಯಾಗುವುದಿಲ್ಲ. ನರರೋಗ ತಜ್ಞರು ಕೊಟ್ಟ ಮಾತ್ರೆಯನ್ನು ಯಾರ ಮಾತು ಕೇಳಿಯೂ ತಾವಾಗಿ ನಿಲ್ಲಿಸಬಾರದು.

ತಪಾಸಣೆ ಮತ್ತು ಚಿಕಿತ್ಸೆ

ಹಗಲು ತೂಕಡಿಸುವವರೆಲ್ಲರಿಗೂ ಈ ರೋಗವಿರುವುದಿಲ್ಲ. ನಿದ್ರೆಯ ಕೊರತೆ, ರಾತ್ರಿ ಬಹುಹೊತ್ತು ಮೊಬೈಲ್ ನೋಡುವುದು, ರಕ್ತಹೀನತೆ, ಥೈರಾಯ್ಡ್ ಕೊರತೆ, ಖಿನ್ನತೆ, ಮದ್ಯಪಾನ, ಅಲರ್ಜಿಯ ಮಾತ್ರೆಗಳು, ಗೊರಕೆಯೊಂದಿಗೆ ಉಸಿರು ಕಟ್ಟುವ ತೊಂದರೆ ಇವೆಲ್ಲ ಹೆಚ್ಚು ಸಾಮಾನ್ಯ ಕಾರಣಗಳು. ಮೊದಲು ಸ್ಥಳೀಯ ವೈದ್ಯರಲ್ಲಿ ಇವುಗಳನ್ನು ಪರೀಕ್ಷಿಸಿಕೊಳ್ಳಬೇಕು. ಇವು ಯಾವುವೂ ಅಲ್ಲವೆಂದಾದರೆ, ಅದರಲ್ಲಿಯೂ ನಗುವಾಗ ಮೊಣಕಾಲು ಸಡಿಲವಾಗುತ್ತಿದ್ದರೆ, ನರರೋಗ ತಜ್ಞರನ್ನು ಕಾಣಬೇಕು. ಖಚಿತ ನಿದಾನಕ್ಕೆ ಒಂದು ರಾತ್ರಿ ನಿದ್ರಾ ಪ್ರಯೋಗಾಲಯದಲ್ಲಿ ಮಲಗಿಸಿ, ಮರುದಿನ ಎರಡು ತಾಸಿಗೊಮ್ಮೆ ನಾಲ್ಕೈದು ಬಾರಿ ಮಲಗಲು ಅವಕಾಶ ಕೊಟ್ಟು ಅಳೆಯುತ್ತಾರೆ. ಸರಾಸರಿ ಎಂಟು ನಿಮಿಷದೊಳಗೆ ನಿದ್ರೆ ಬಂದು, ಎರಡು ಬಾರಿಯಾದರೂ ಕನಸಿನ ಹಂತಕ್ಕೆ ಹದಿನೈದು ನಿಮಿಷದೊಳಗೆ ಜಾರಿದರೆ ರೋಗವೆಂದು ಗುರುತಿಸುತ್ತಾರೆ. ಸಾಮಾನ್ಯರಿಗೆ ಆ ಹಂತ ಬರಲು ಸುಮಾರು ತೊಂಬತ್ತು ನಿಮಿಷ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹ ಪರೀಕ್ಷೆಗೆ ವ್ಯವಸ್ಥೆಯಿದೆ. ಹೋಗುವ ಮೊದಲು ಎರಡು ವಾರ ಮಲಗಿದ, ಎದ್ದ, ತೂಕಡಿಸಿದ ವೇಳೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಕುಸಿಯುವ ದೃಶ್ಯವನ್ನು ಮನೆಯವರು ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿದರೆ ವೈದ್ಯರಿಗೆ ಬಹಳ ಅನುಕೂಲ.

ಎಚ್ಚರವನ್ನು ಕಾಯಲು ಮೊಡಾಫಿನಿಲ್ ಮುಂತಾದ ಔಷಧಿಗಳಿವೆ. ಕುಸಿತವನ್ನು ತಡೆಯಲು ಬೇರೆ ಔಷಧಿಗಳಿವೆ. ಇವು ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳುವಂಥವಲ್ಲ. ಮೊಡಾಫಿನಿಲ್ ಗರ್ಭನಿರೋಧಕ ಮಾತ್ರೆಯ ಪ್ರಭಾವವನ್ನು ಕಡಿಮೆ ಮಾಡುತ್ತದೆ, ಗರ್ಭಿಣಿಯರಿಗೆ ಅದು ಸಲ್ಲದು. ಆದ್ದರಿಂದ ಹೆಣ್ಣುಮಕ್ಕಳು ಸಂಕೋಚವಿಲ್ಲದೆ ವೈದ್ಯರಿಗೆ ಎಲ್ಲವನ್ನೂ ತಿಳಿಸಬೇಕು. ಮನಸ್ಸು ಕುಗ್ಗಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯವರು, ಗುರುಗಳು, ನೆರೆಯವರು ಮಾಡಬಹುದಾದದ್ದು

1. ರಾತ್ರಿ ಮಲಗುವ, ಬೆಳಿಗ್ಗೆ ಏಳುವ ವೇಳೆ ಪ್ರತಿದಿನ ಒಂದೇ ಇರಲಿ.
2. ಹಗಲು ಒಂದೆರಡು ಬಾರಿ, ಹದಿನೈದು ಇಪ್ಪತ್ತು ನಿಮಿಷ ಮಲಗಲು ಗೊತ್ತಾದ ವೇಳೆ ಕೊಡಿ. ಇದನ್ನು ಔಷಧಿಯೆಂದೇ ತಿಳಿಯಿರಿ.
3. ಶಾಲೆಯಲ್ಲಿ ಮುಖ್ಯೋಪಾಧ್ಯಾಯರಿಗೆ ವೈದ್ಯರ ಪತ್ರ ಕೊಡಿ. ಊಟದ ಬಿಡುವಿನಲ್ಲಿ ಮಲಗಲು ಒಂದು ಮೂಲೆ, ಎದ್ದು ನಿಂತು ಪಾಠ ಕೇಳಲು ಅನುಮತಿ ಸಿಕ್ಕರೂ ಸಾಕು, ಮಗುವಿನ ಓದು ಉಳಿಯುತ್ತದೆ.
4. ಕುಸಿದು ಬಿದ್ದಾಗ ಮುಖಕ್ಕೆ ನೀರೆರಚುವುದು, ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು ಬೇಡ. ತಲೆಗೆ ಪೆಟ್ಟಾಗದಂತೆ ಹಿಡಿದು, ಪಕ್ಕದಲ್ಲಿ ಕುಳಿತು, ಧೈರ್ಯ ಹೇಳಿ. ಅವರಿಗೆ ನಿಮ್ಮ ಮಾತು ಕೇಳಿಸುತ್ತಿರುತ್ತದೆ. ಐದು ನಿಮಿಷ ಮೀರಿದರೆ, ಪ್ರಜ್ಞೆ ತಪ್ಪಿದರೆ ಅಥವಾ ಕೈಕಾಲು ಸೆಟೆದು ಜರ್ಕು ಬಂದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.
5. ನಗಿಸಿ ಬೀಳಿಸಿ ಮೋಜು ನೋಡುವವರನ್ನು ಕಂಡರೆ ಅಲ್ಲಿಯೇ ತಡೆಯಿರಿ.
6. ಅವರಿಗೆ ಹೊಂದುವ ಕೆಲಸ ಕೊಡಿ. ಓಡಾಟವಿರುವ, ಜನರೊಂದಿಗೆ ಬೆರೆಯುವ, ಮಧ್ಯೆ ಬಿಡುವು ಇರುವ ಕೆಲಸವನ್ನು ಇವರು ಚೆನ್ನಾಗಿ ನಿಭಾಯಿಸುತ್ತಾರೆ.

ಮೇಲೆ ಹೇಳಿದ ಯುವಕ ಈಗ ಚಿಕಿತ್ಸೆ ಪಡೆಯುತ್ತಾ ಬೀಜ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ನೋಡುತ್ತಾನೆ. ಮಧ್ಯಾಹ್ನ ಎರಡಕ್ಕೆ ಗೋದಾಮಿನ ಚೀಲಗಳ ಹಿಂದೆ ಇಪ್ಪತ್ತು ನಿಮಿಷ ಮಲಗುತ್ತಾನೆ. ಅಂಗಡಿಯ ಯಜಮಾನರಿಗೆ ಅದು ಗೊತ್ತು, ಗಿರಾಕಿಗಳಿಗೂ ಗೊತ್ತು. ರೋಗ ಹೋಗಿಲ್ಲ, ಆದರೆ ಅದನ್ನು ಬಚ್ಚಿಡುವ ಶ್ರಮ ತಪ್ಪಿದೆ.

ಶ್ರಾವಣದ ಪುರಾಣ ಪ್ರವಚನಕ್ಕೆ ಮಠಕ್ಕೆ ಬಂದಾಗ ನಿಮ್ಮ ಪಕ್ಕದಲ್ಲಿ ಯಾರಾದರೂ ಕುಳಿತಲ್ಲಿಯೇ ನಿದ್ರೆಗೆ ಜಾರಿದರೆ ಮೊಣಕೈಯಿಂದ ತಿವಿಯಬೇಡಿ, ಇತರರಿಗೆ ಸನ್ನೆ ಮಾಡಿ ನಗಬೇಡಿ. ಪ್ರವಚನ ಮುಗಿದ ಮೇಲೆ ಪ್ರಸಾದದ ಪಂಕ್ತಿಯಲ್ಲಿ ಮೆಲ್ಲಗೆ ವಿಚಾರಿಸಿ: ಹೀಗೆ ದಿನಾಲೂ ಆಗುತ್ತದೆಯೇ, ಎಷ್ಟು ದಿನದಿಂದ, ವೈದ್ಯರಿಗೆ ತೋರಿಸಿದ್ದೀರಾ? ಎಷ್ಟೋ ವರ್ಷಗಳಿಂದ ಬರೀ ಬೈಗುಳ ಕೇಳಿದವರಿಗೆ ಈ ಮೂರು ಪ್ರಶ್ನೆಗಳಿಂದಲೇ ಚಿಕಿತ್ಸೆ ಆರಂಭವಾಗುತ್ತದೆ.